ಟಿಕ್ ಟಿಕ್ ಅಂದರೆ ಹೆದರಬೇಡಿ, ಸದ್ದಡಗಿದರೆ ಹೆದರಿ!

ಹಳೇ ಅಂಬಾಸಿಡರ್ ಸಾಕಿದವರು ವಾಲ್ವಿನ ಸಾಮಾನು ಕೊಳ್ಳುವ ಮುನ್ನ...

ಹೊನ್ನೂರು: ಬಾನೆಟ್ಟಿನ ಒಳಗಿಂದ ಟಿಕ್ ಟಿಕ್ ಟಿಕ್... ಹೊಲಿಗೆ ಮಿಷನ್ ಓಡಿದ ಹಾಗೆ ಸದ್ದು. ಇದನ್ನು ಕೇಳಿದರೆ ಸಾಕು, ಹಳೇ ಅಂಬಾಸಿಡರ್ ಇಟ್ಟುಕೊಂಡ ಯಜಮಾನನಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಕಾರು ಹತ್ತಿದ ನೆಂಟರು "ಏನ್ ಭಾವ, ಇಂಜಿನ್ ಹೋಯ್ತಾ?" ಅಂತ ಒಂದು ಮಾತು ಅಂದುಬಿಟ್ಟರಂತೂ ಮುಗಿಯಿತು. ಬೆಳಗಾದರೆ ಕಾರು ಗ್ಯಾರೇಜಿನ ಮುಂದೆ!

ಮೇಸ್ತ್ರಿಗೇನು, ಸ್ಪ್ಯಾನರ್ ಹಿಡಿದು ಟ್ಯಾಪೆಟ್ ಬಿಗಿ ಮಾಡಿದರೆ ಸದ್ದು ಅಡಗುತ್ತದೆ. ಯಜಮಾನರಿಗೆ ಖುಷಿ. ಕೈಗೆ ಕಾಸು ಕೊಟ್ಟು ಬರುತ್ತಾರೆ. ಆದರೆ ಹಾಗೆ ಅಡಗಿಸಿದ ಸದ್ದು ಮುಂದೆ ಸುಟ್ಟ ವಾಲ್ವಾಗಿ, ಎಳೆಯದ ಇಂಜಿನ್ನಾಗಿ, ದೊಡ್ಡ ಬಿಲ್ಲಾಗಿ ವಾಪಸು ಬರುವುದೂ ಉಂಟು ಎಂಬುದು ಬಹಳ ಜನಕ್ಕೆ ತಿಳಿಯದು.

ಯಾಕೆಂದರೆ ಇಂಥ ಇಂಜಿನ್ನಿಗೆ ಸಣ್ಣ ಟಿಕ್ ಟಿಕ್ ಆರೋಗ್ಯದ ಗುರುತು. ಕೆಟ್ಟಿರುವುದು ಬಹಳ ಸಲ ಸದ್ದು ಮಾಡುವ ಇಂಜಿನ್ನಲ್ಲ, ತಾನಾಗಿ ಸದ್ದು ಕಳಕೊಂಡ ಇಂಜಿನ್ನು! ಇದೊಂದು ಮಾತು ತಲೆಯಲ್ಲಿಟ್ಟುಕೊಂಡರೆ ಯಾವ ಸಾಮಾನಿಗೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ ಎಂಬುದು ಅರ್ಧ ತಿಳಿದ ಹಾಗೆ.

ನಮ್ಮ ಸೀಮೆಯ ಗಾಡಿ

ಕೊಳ್ಳೇಗಾಲ, ಯಳಂದೂರು, ಹನೂರು ಕಡೆ ಒಂದು ಕಾಲಕ್ಕೆ ಬಾಡಿಗೆ ಕಾರು ಅಂದರೆ ಅಂಬಾಸಿಡರ್ ಎಂಬಂತಿತ್ತು. ಮದುವೆ ದಿಬ್ಬಣಕ್ಕೂ ಅದೇ, ಆಸ್ಪತ್ರೆಗೆ ಓಡಲಿಕ್ಕೂ ಅದೇ. ಮಾದಪ್ಪನ ಬೆಟ್ಟಕ್ಕೆ, ಬಿಳಿಗಿರಿ ರಂಗನ ಬೆಟ್ಟಕ್ಕೆ, ಚಿಕ್ಕಲ್ಲೂರು ಜಾತ್ರೆಗೆ ಒಂದು ಮನೆಯಷ್ಟು ಜನ ತುಂಬಿಕೊಂಡು ಹೋಗುತ್ತಿದ್ದ ಗಾಡಿ. ಇವತ್ತು ರಸ್ತೆಯಲ್ಲಿ ಅವುಗಳ ಸಂಖ್ಯೆ ಕಡಿಮೆಯಾಗಿದೆ. ಆದರೂ ಅಪ್ಪನ ಕಾಲದ್ದು, ಮಾರಲಿಕ್ಕೆ ಮನಸ್ಸಿಲ್ಲ ಅಂತ ಷೆಡ್ಡಿನಲ್ಲಿಟ್ಟು, ಹಬ್ಬ ಹರಿದಿನಕ್ಕೆ ತೆಗೆದು ಓಡಿಸುವವರು ಇದ್ದಾರೆ.

ಈ ಕಾರಿನ ಜಾತಕ ಹೀಗಿದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನೇ ಮಾದರಿಯಾಗಿ ಹಿಡಿದು ಹಿಂದುಸ್ತಾನ್ ಮೋಟರ್ಸ್ ಕಂಪನಿ ಕಲ್ಕತ್ತೆಯ ಹತ್ತಿರ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಸಿತು. ಮೊದಲು ಇದ್ದದ್ದು ಸೈಡ್ ವಾಲ್ವ್ ಇಂಜಿನ್. 1959ರಲ್ಲಿ ಅದರ ಜಾಗಕ್ಕೆ 1489 ಸಿಸಿಯ ಓವರ್‌ಹೆಡ್ ವಾಲ್ವ್ ಇಂಜಿನ್ ಬಂತು. ಬಹುಕಾಲ ಊರೂರು ಸುತ್ತಿದ್ದು ಇದೇ ಇಂಜಿನ್. 2014ರ ಮೇ ತಿಂಗಳಲ್ಲಿ ಕಾರ್ಖಾನೆಯಲ್ಲಿ ಕೆಲಸ ನಿಂತಿತು. ಅಲ್ಲಿಗೆ ಹೊಸ ಅಂಬಾಸಿಡರ್ ಮುಗಿಯಿತು. ಆದ್ದರಿಂದ ಈಗ ಸಾಮಾನು ಕೊಳ್ಳುವವನು ಎರಡು ಪಟ್ಟು ಎಚ್ಚರವಾಗಿರಬೇಕು. ಸಿಕ್ಕಿದ್ದನ್ನೆಲ್ಲ ಹಾಕುವ ಹಾಗಿಲ್ಲ. ಕೆಟ್ಟ ಮೇಲೆ ಇನ್ನೊಂದು ಸಿಕ್ಕೀತು ಎಂಬ ಭರವಸೆಯೂ ಇಲ್ಲ.

ಮೈಸೂರಿನ ಯೆಜ್ಡಿ ಬಿಚ್ಚಿ ಕೈ ಪಳಗಿದವರು ನಮ್ಮಲ್ಲಿ ಕಡಿಮೆಯೇನಿಲ್ಲ. ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಬೈಕುಗಳು ಇನ್ನೂ ಓಡುತ್ತಿವೆ. ಆದರೆ ಆ ಅನುಭವ ಇಲ್ಲಿ ಉಪಯೋಗಕ್ಕೆ ಬಾರದು. ಯೆಜ್ಡಿ ಟೂ ಸ್ಟ್ರೋಕ್. ಅದರ ಹೆಡ್ಡಿನಲ್ಲಿ ವಾಲ್ವೇ ಇಲ್ಲ! ವಾಲ್ವಿನ ಸಂಸಾರ ಇರುವುದು ಅಂಬಾಸಿಡರಿಗೆ, ಫಿಯಟ್ಟಿಗೆ, ಬುಲೆಟ್ಟಿಗೆ. ದಿನಾ ಹತ್ತುವ ಬಸ್ಸಿನ ಇಂಜಿನ್ನಿನಲ್ಲೂ ವಾಲ್ವುಗಳಿವೆ.

ಅಮೆರಿಕದ ಭೀಮ, ನಮ್ಮ ಸೋದರ

ಅಮೆರಿಕದಲ್ಲಿ ಮಸಲ್ ಕಾರು ಅಂತ ಒಂದು ಜಾತಿ ಇದೆ. ಹೆಸರೇ ಹೇಳುವಂತೆ ಮೈಕಟ್ಟಿನ ಕಾರು. 1964ರಲ್ಲಿ ಬಂದ ಪಾಂಟಿಯಾಕ್ ಜಿಟಿಓ ಎಂಬುದರ ಇಂಜಿನ್ 6.4 ಲೀಟರಿನದು. ಎಂಟು ಸಿಲಿಂಡರ್. ನಮ್ಮ ಅಂಬಾಸಿಡರಿನ ನಾಲ್ಕು ಇಂಜಿನ್ ಸೇರಿಸಿದರೂ ಅದಕ್ಕೆ ಸ್ವಲ್ಪ ಕಡಿಮೆಯೇ! ಹಾಗಿದ್ದೂ ಎರಡರ ಒಳಗಿನ ಏರ್ಪಾಡು ಒಂದೇ. ಕ್ಯಾಮ್ ಶಾಫ್ಟ್ ಕೆಳಗೆ ಬ್ಲಾಕಿನಲ್ಲಿ, ಅದರ ಮೇಲೆ ಟ್ಯಾಪೆಟ್, ಟ್ಯಾಪೆಟ್ಟಿನ ಮೇಲೆ ಪುಶ್ ರಾಡ್, ಅದರ ತುದಿಗೆ ರಾಕರ್, ರಾಕರಿನ ಇನ್ನೊಂದು ತುದಿ ವಾಲ್ವಿನ ನೆತ್ತಿಯ ಮೇಲೆ. ಏತದ ಹಾಗೆ ಒಂದು ಕಡೆ ಎದ್ದರೆ ಇನ್ನೊಂದು ಕಡೆ ಬಗ್ಗುತ್ತದೆ. ಬಗ್ಗಿದ ವಾಲ್ವನ್ನು ಮೇಲಕ್ಕೆ ಎಳೆದು ಮುಚ್ಚುವ ಕೆಲಸ ಸ್ಪ್ರಿಂಗಿನದು.

ಅಲ್ಲಿಯೂ ಹಳೇ ಕಾರು ಸಾಕುವವರಿಗೆ ಇದೇ ತಲೆನೋವು. ಹೊಸ ಕ್ಯಾಮ್ ಹಾಕಿದ ಸ್ವಲ್ಪ ದಿನಕ್ಕೇ ಸವೆದು ಹೋಯಿತು, ರೇಸಿನ ಸ್ಪ್ರಿಂಗ್ ಹಾಕಿ ಟ್ಯಾಪೆಟ್ ತಿಂದು ಹೋಯಿತು ಎಂಬ ಗೋಳು. ರೇಸಿನ ಸಾಮಾನು ಬೇರೆ, ರಸ್ತೆಯ ಸಾಮಾನು ಬೇರೆ ಎಂಬ ಪಾಠವನ್ನು ಅವರೂ ದುಡ್ಡು ಕೊಟ್ಟೇ ಕಲಿತದ್ದು. ಮದ್ರಾಸಿನ ಬಳಿ ಶೋಲಾವರಂನಲ್ಲಿ ರೇಸು ನಡೆಯುತ್ತಿದ್ದ ಕಾಲದಲ್ಲಿ ಟ್ಯೂನ್ ಮಾಡಿದ ಫಿಯಟ್ಟುಗಳೂ ಓಡುತ್ತಿದ್ದವು. ರೇಸಿನ ಇಂಜಿನ್ನನ್ನು ಮತ್ತೆ ಮತ್ತೆ ಬಿಚ್ಚಿ ನೋಡುವವರಿರುತ್ತಾರೆ. ನಮ್ಮ ಕಾರಿಗೆ ಆ ಭಾಗ್ಯವೆಲ್ಲಿ? ಒಂದು ಸಲ ಮುಚ್ಚಿದ ಹೆಡ್ಡು ವರ್ಷಗಟ್ಟಲೆ ಮುಚ್ಚಿಯೇ ಇರಬೇಕು.

ಒಂದು ಸಣ್ಣ ಲೆಕ್ಕ ನೋಡಿ. ಇಂಜಿನ್ ಎರಡು ಸುತ್ತು ತಿರುಗಿದರೆ ಒಂದೊಂದು ವಾಲ್ವು ಒಂದು ಸಲ ತೆರೆದು ಮುಚ್ಚುತ್ತದೆ. ನಿಮಿಷಕ್ಕೆ 2,500 ಸುತ್ತಿನ ಮೇಲೆ ಎರಡೂವರೆ ಗಂಟೆ ಓಡಿಸಿದರೆ ಒಂದು ವಾಲ್ವು 1,87,500 ಸಲ ಬಡಿದಿರುತ್ತದೆ. ಎಂಟು ವಾಲ್ವಿಗೆ 15 ಲಕ್ಷ! ಬೆಟ್ಟಕ್ಕೆ ಹೋಗಿ ಕೈ ಮುಗಿದು ಬರುವಷ್ಟರಲ್ಲಿ ಇದರ ಎರಡರಷ್ಟು. ಇಷ್ಟು ಏಟು ತಿನ್ನುವ ಸಾಮಾನನ್ನು ಹೊಳಪು ನೋಡಿ ಕೊಳ್ಳಲಾದೀತೇ?

ಸದ್ದಿನ ಗುಟ್ಟು

ಈಗ ಟಿಕ್ ಟಿಕ್ ವಿಷಯಕ್ಕೆ ಬರೋಣ. ರಾಕರ್ ತುದಿಗೂ ವಾಲ್ವಿನ ನೆತ್ತಿಗೂ ನಡುವೆ ಕೂದಲೆಳೆಯ ಸಂದು ಇರಲೇಬೇಕು. ಬಿಸಿಯಾದಾಗ ವಾಲ್ವು ಉದ್ದವಾಗುತ್ತದೆ. ಸಂದು ಇಲ್ಲದಿದ್ದರೆ ರಾಕರ್ ವಾಲ್ವನ್ನು ಒತ್ತಿ ಹಿಡಿದೇ ಇರುತ್ತದೆ. ವಾಲ್ವು ಪೂರ್ತಿ ಮುಚ್ಚುವುದಿಲ್ಲ. ಆ ಸಂದಿನಲ್ಲಿ ಆಗುವ ತಟ್ಟೇ ಟಿಕ್ ಟಿಕ್. ಸಂದು ಎಷ್ಟಿರಬೇಕು, ಇಂಜಿನ್ ಬಿಸಿ ಇದ್ದಾಗಲೋ ತಣ್ಣಗಿದ್ದಾಗಲೋ ನೋಡಬೇಕು ಎಂಬುದು ಆಯಾ ಕಾರಿನ ಪುಸ್ತಕದಲ್ಲಿದೆ. ಹಳೇ ಬುಲೆಟ್ಟಿನ ಲೆಕ್ಕವೇ ಬೇರೆ. ಅಲ್ಲಿ ತಣ್ಣಗಿರುವಾಗ ಪುಶ್ ರಾಡ್ ಬೆರಳಿಗೆ ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಅಲ್ಲಾಡಬಾರದು. ಅದನ್ನು ನೋಡಿ ಅಂಬಾಸಿಡರಿಗೆ ಹಾಗೇ ಮಾಡಿದರೆ ಕೆಟ್ಟಿತು!

ಪೂರ್ತಿ ಮುಚ್ಚದ ವಾಲ್ವಿಗೆ ಏನಾಗುತ್ತದೆ? ಉರಿದ ಗಾಳಿ ಹೊರಗೆ ಹೋಗುವುದು ಎಕ್ಸಾಸ್ಟ್ ವಾಲ್ವಿನ ಮೂಲಕ. ಕೆಂಡದಂಥ ಶಾಖ. ಆ ಶಾಖದ ಹೆಚ್ಚಿನ ಪಾಲು ವಾಲ್ವು ತನ್ನ ಸೀಟಿನ ಮೇಲೆ ಕೂತಾಗ ಹೆಡ್ಡಿಗೆ, ಹೆಡ್ಡಿನಿಂದ ನೀರಿಗೆ ಇಳಿಯುತ್ತದೆ. ಕೂರಲಿಕ್ಕೆ ಬಿಡದಿದ್ದರೆ ಶಾಖ ಇಳಿಯುವುದೆಲ್ಲಿಗೆ? ಅಂಚು ಸುಡುತ್ತದೆ, ಸೀಳುತ್ತದೆ. ಸಿಲಿಂಡರಿನ ಕಂಪ್ರೆಷನ್ ಹೋಗುತ್ತದೆ. ತಾಳುಬೆಟ್ಟ ದಾಟಿ ಮಾದಪ್ಪನ ಏರು ಹತ್ತುವಾಗ, ಸತ್ಯಮಂಗಲದ ಕಡೆಯಿಂದ ದಿಂಬಂ ಘಾಟಿನ 27 ತಿರುವು ಏರುವಾಗ ಆಕ್ಸಿಲೇಟರ್ ಪೂರ್ತಿ ತುಳಿದಿರುತ್ತದೆ, ಗಾಡಿ ಮಾತ್ರ ಸೆಕೆಂಡ್ ಗೇರಿನಲ್ಲಿ ತೆವಳುತ್ತದೆ. ವಾಲ್ವಿಗೆ ನಿಜವಾದ ಅಗ್ನಿಪರೀಕ್ಷೆ ಅಲ್ಲಿ. ಊರೊಳಗೆ ಚೆನ್ನಾಗಿ ಓಡಿದ ಕಾರು ಘಾಟಿನಲ್ಲಿ ಕೈ ಕೊಟ್ಟರೆ ಆಶ್ಚರ್ಯವಿಲ್ಲ.

ಸೀಸ ಹೋಯಿತು, ಸೀಟು ಬರಿದಾಯಿತು

ಇನ್ನೊಂದು ಸಂಗತಿ ಇದೆ. ಹಿಂದೆ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಆ ಸೀಸದ ತೆಳ್ಳನೆಯ ಪದರ ಎಕ್ಸಾಸ್ಟ್ ವಾಲ್ವಿನ ಸೀಟಿನ ಮೇಲೆ ಕೂತು ಮೆತ್ತೆಯ ಹಾಗೆ ಕೆಲಸ ಮಾಡುತ್ತಿತ್ತು. ಜನರ, ಅದರಲ್ಲೂ ಮಕ್ಕಳ ಮೆದುಳಿಗೆ ಸೀಸ ವಿಷ. ಆದ್ದರಿಂದ ಅದನ್ನು ತೆಗೆದದ್ದು ಒಳ್ಳೆಯದೇ ಆಯಿತು. ನಮ್ಮ ದೇಶದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳಿಗೆ ಸೀಸರಹಿತ ಪೆಟ್ರೋಲ್ ಬಂತು. 2000ದ ಫೆಬ್ರವರಿಯಿಂದ ದೇಶಕ್ಕೆಲ್ಲ ಅದೇ ಆಯಿತು. 2021ರಲ್ಲಿ ಆಲ್ಜೀರಿಯಾ ಕೂಡ ನಿಲ್ಲಿಸಿದಾಗ ಜಗತ್ತಿನ ಯಾವ ಬಂಕಿನಲ್ಲೂ ಕಾರಿಗೆ ಸೀಸದ ಪೆಟ್ರೋಲ್ ಇಲ್ಲವಾಯಿತು.

ಆದರೆ ಹಳೇ ಇಂಜಿನ್ನಿಗೆ ಇದನ್ನು ಹೇಳಿದವರು ಯಾರು? ಈ 1489 ಸಿಸಿ ಇಂಜಿನ್ನಿನ ಮೂಲ ಹೆಡ್ಡಿನಲ್ಲಿ ವಾಲ್ವಿನ ಸೀಟು ಬೇರೆ ಉಂಗುರವಲ್ಲ. ಎರಕದ ಕಬ್ಬಿಣದಲ್ಲೇ ಕಡೆದದ್ದು. ಸೀಸದ ಮೆತ್ತೆ ಇಲ್ಲದೆ ಬರಿ ಕಬ್ಬಿಣದ ಮೇಲೆ ಬಿಸಿ ವಾಲ್ವು ಬಡಿದು ಬಡಿದು ಸೀಟು ಸವೆಯುತ್ತದೆ. ವಾಲ್ವು ಮೇಲಕ್ಕೆ, ಹೆಡ್ಡಿನೊಳಕ್ಕೆ ಹೂತುಕೊಳ್ಳುತ್ತದೆ. ಹೂತಷ್ಟೂ ಅದರ ನೆತ್ತಿ ರಾಕರಿಗೆ ಹತ್ತಿರ ಬರುತ್ತದೆ. ಸಂದು ಕಿರಿದಾಗುತ್ತದೆ. ಸಂದು ಕಿರಿದಾದರೆ? ಸದ್ದು ಅಡಗುತ್ತದೆ!

"ಈಚೆಗೆ ನಮ್ ಕಾರು ಬೋ ಸ್ಮೂತಾಗದೆ ಕನ" ಅಂತ ಯಜಮಾನ ಬೀಗುತ್ತಿರುತ್ತಾನೆ. ಒಳಗೆ ಸೀಟು ಕರಗುತ್ತಿರುತ್ತದೆ. ತಲೆಬರಹದ ಮಾತಿನ ಅರ್ಥ ಇದೇ.

ಹಾಗಂತ ಎಲ್ಲರೂ ಇವತ್ತೇ ಹೆಡ್ಡು ಬಿಚ್ಚಬೇಕಾಗಿಲ್ಲ. ಸೀಟು ಸವೆಯುವುದು ಭಾರ ಹೊತ್ತು, ವೇಗವಾಗಿ, ಬಹಳ ಹೊತ್ತು ಓಡುವ ಇಂಜಿನ್ನಿಗೆ. ಹಬ್ಬಕ್ಕೊಂದು ಸಲ ಕೊಳ್ಳೇಗಾಲಕ್ಕೆ ಹೋಗಿ ಬರುವ ಕಾರಿಗೆ ವರ್ಷಾನುಗಟ್ಟಲೆ ಏನೂ ಆಗದಿರಬಹುದು. ತಿಳಿಯುವ ಉಪಾಯ ಸುಲಭ. ಮೂವತ್ತು ಪುಟದ ಒಂದು ನೋಟ್ ಬುಕ್ ಸಾಕು. ಟ್ಯಾಪೆಟ್ ಸೆಟ್ಟಿಂಗ್ ಮಾಡಿಸುವ ದಿನ, ಬೋಲ್ಟ್ ಮುಟ್ಟುವ ಮುಂಚೆ, ಎಂಟೂ ವಾಲ್ವಿನ ಸಂದು ಫೀಲರ್ ಗೇಜಿನಲ್ಲಿ ನೋಡಿಸಿ ಬರೆದಿಡಿ. ಮುಂದಿನ ಸಲವೂ ಹಾಗೇ. ಎಕ್ಸಾಸ್ಟ್ ವಾಲ್ವುಗಳ ಸಂದು ಸಲಸಲಕ್ಕೂ ಕಿರಿದಾಗಿ ಬರುತ್ತಿದ್ದರೆ ಸೀಟು ಸವೆಯುತ್ತಿದೆ ಅಂತ ಖಾತ್ರಿ. ಸಂದು ನಿಂತಲ್ಲೇ ನಿಂತಿದ್ದರೆ ದುಡ್ಡು ಜೇಬಿನಲ್ಲೇ ಇರಲಿ. ಅಂಗಡಿಯಲ್ಲಿ ಸಾಲದ ಪುಸ್ತಕ ಬರೆಯುವವರಿಗೆ ಇದೇನು ಮಹಾ ಕೆಲಸ?

ಡೀಸೆಲ್ ಅಂಬಾಸಿಡರಿಗೆ ಈ ಸೀಸದ ಕಥೆ ಅನ್ವಯಿಸದು. ಡೀಸೆಲ್ಲಿಗೆ ಸೀಸ ಬೆರೆಸುತ್ತಿರಲಿಲ್ಲ. ಗ್ಯಾಸಿಗೆ ಮಾಡಿಸಿದವರಿಗೆ ಮಾತ್ರ ಇದು ಹೆಚ್ಚಾಗಿಯೇ ಅನ್ವಯಿಸುತ್ತದೆ. ಎಲ್‌ಪಿಜಿ ಒಣ ಇಂಧನ, ಸೀಟಿಗೆ ಪೆಟ್ರೋಲಿಗಿಂತ ಕಠಿಣ. ಇನ್ನು ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇದೆ. ಹಳೇ ಕಾರ್ಬ್ಯುರೇಟರ್ ಸೆಟ್ಟಿಂಗಿನಲ್ಲೇ ಓಡಿಸಿದರೆ ಗಾಳಿ ಹೆಚ್ಚಾಗಿ, ಇಂಧನ ಕಡಿಮೆಯಾಗಿ ಉರಿಯುತ್ತದೆ. ಆ ಬಿಸಿಯೂ ವಾಲ್ವಿನ ತಲೆಗೇ. ಟ್ಯಾಪೆಟ್ ನೋಡಿಸಿದ ದಿನವೇ ಕಾರ್ಬ್ಯುರೇಟರನ್ನೂ ನೋಡಿಸುವುದು ಲೇಸು.

ಯಾವ ಸಾಮಾನು, ಎಂಥದ್ದು?

ಹೆಡ್ಡು ಬಿಚ್ಚಲೇಬೇಕಾಗಿ ಬಂತು ಎಂದಿಟ್ಟುಕೊಳ್ಳಿ. ಆಗ ಒಂದೊಂದಾಗಿ ನೋಡೋಣ.

ಮೊದಲು ಸೀಟು. ಸೀಟು ಸವೆದಿದ್ದರೆ ಎಕ್ಸಾಸ್ಟಿನ ನಾಲ್ಕಕ್ಕೂ ಗಟ್ಟಿ ಲೋಹದ ಉಂಗುರ ಕೂರಿಸುವುದೇ ಬಾಳಿಕೆಯ ದಾರಿ. ಇನ್‌ಲೆಟ್ ವಾಲ್ವಿಗೆ ಒಳ ಬರುವ ತಣ್ಣನೆ ಗಾಳಿ, ಪೆಟ್ರೋಲ್ ತಾಗುವುದರಿಂದ ಸಾಮಾನ್ಯವಾಗಿ ಬೇಡ. ಆದರೆ ಇದು ಕೈಕೆಲಸವಲ್ಲ. ಹಳೇ ಹೆಡ್ಡನ್ನು ಅಳತೆ ಮೀರಿ ಕೊರೆದರೆ ಪಕ್ಕದಲ್ಲೇ ನೀರಿನ ದಾರಿ ಇದೆ. ತೂತು ಬಿದ್ದರೆ ಹೆಡ್ಡೇ ಹೋಯಿತು. ಉಂಗುರ ಸಡಿಲವಾಗಿ ಕೂತರೆ ಓಡುವಾಗ ಕಳಚಿ ಪಿಸ್ಟನ್ ಮೇಲೆ ಬೀಳುತ್ತದೆ. ಆದ್ದರಿಂದ ಸರಿಯಾದ ಮಿಷನ್ ಇರುವ, ಇಂಥ ಹೆಡ್ಡು ಮಾಡಿ ಅಭ್ಯಾಸವಿರುವ ಅಂಗಡಿಗೇ ಒಯ್ಯಬೇಕು. ಮೈಸೂರಿಗೋ ಕೊಯಮತ್ತೂರಿಗೋ ಬಸ್ ಚಾರ್ಜು ಹೋದರೂ ನಷ್ಟವಿಲ್ಲ.

ಸೀಟಿನ ಅಗಲವೂ ಮುಖ್ಯ. ತೀರ ಕಿರಿದಾದರೆ ಶಾಖ ಇಳಿಯುವುದಿಲ್ಲ. ತೀರ ಅಗಲವಾದರೆ ಮಸಿ ಕೂತು ಸೋರುತ್ತದೆ. ಕೆಲಸ ಮುಗಿದ ಮೇಲೆ ಪರೀಕ್ಷೆ ಮಾಡಿಸಿ: ಹೆಡ್ಡು ಬೋರಲು ಹಾಕಿ, ಪ್ಲಗ್ಗು ಕೂರಿಸಿ, ವಾಲ್ವಿನ ಗುಂಡಿಗೆ ಸೀಮೆಎಣ್ಣೆಯೋ ಪೆಟ್ರೋಲೋ ಹೊಯ್ದು ಸ್ವಲ್ಪ ಹೊತ್ತು ಬಿಡಿ. ಬೀಡಿ ಸಿಗರೇಟು ದೂರ ಇರಲಿ! ಪೋರ್ಟಿನ ಕಡೆ ಒದ್ದೆಯಾಗದಿದ್ದರೆ ಕೆಲಸ ಚೊಕ್ಕ. ಒದ್ದೆಯಾದರೆ ದುಡ್ಡು ಎಣಿಸುವ ಮುಂಚೆ ಇನ್ನೊಮ್ಮೆ ಉಜ್ಜಿಸಿ.

ಎರಡನೆಯದು ವಾಲ್ವು. ಎಕ್ಸಾಸ್ಟ್ ವಾಲ್ವಿಗೆ ಶಾಖ ತಡೆಯುವ ಉಕ್ಕು ಬೇಕು. 21-4ಎನ್ ಎಂಬ ಜಾತಿಯ ಉಕ್ಕಿನಲ್ಲಿ ಶೇ. 21ರಷ್ಟು ಕ್ರೋಮಿಯಂ, ಶೇ. 4ರಷ್ಟು ನಿಕ್ಕಲ್ ಇರುತ್ತದೆ. ಇದಕ್ಕೊಂದು ಮನೆ ಪರೀಕ್ಷೆ ಇದೆ. ಜೇಬಿನಲ್ಲಿ ಸಣ್ಣ ಅಯಸ್ಕಾಂತ ಇಟ್ಟುಕೊಂಡು ಹೋಗಿ. ಈ ಉಕ್ಕಿನ ವಾಲ್ವಿನ ತಲೆಗೆ ಅಯಸ್ಕಾಂತ ಅಂಟುವುದಿಲ್ಲ. ಕಾಂಡ ಬೇರೆ ಉಕ್ಕಿನದಾಗಿರಬಹುದು, ಅಲ್ಲಿ ಅಂಟಿದರೆ ಗಾಬರಿ ಬೇಡ; ನೋಡಬೇಕಾದ್ದು ತಲೆ. ಅಂಟಲಿಲ್ಲ ಅಂದ ಮಾತ್ರಕ್ಕೆ ಅಳತೆ ಸರಿ ಎಂದೇನೂ ಅಲ್ಲ. ಆದರೆ 21-4ಎನ್ ಅಂತ ಹೇಳಿ ಕೊಟ್ಟ ವಾಲ್ವಿನ ತಲೆಗೆ ಅಯಸ್ಕಾಂತ ಗಟ್ಟಿಯಾಗಿ ಹಿಡಿಯಿತೋ, ಅಂಗಡಿಯವರ ಮುಖ ನೋಡಬಹುದು!

ಮೂರನೆಯದು ಗೈಡು. ವಾಲ್ವಿನ ಕಾಂಡ ಆಡುವ ಕೊಳವೆ. ಇದು ಸವೆದರೆ ವಾಲ್ವು ಓರೆಯಾಗಿ ಕೂತು ಹೊಸ ಸೀಟನ್ನೂ ಹಾಳು ಮಾಡುತ್ತದೆ. ಗುರುತು ಹಿಡಿಯುವುದು ಸುಲಭ: ಬೆಟ್ಟ ಇಳಿಯುವಾಗ ಆಕ್ಸಿಲೇಟರ್ ಬಿಟ್ಟು ಇಂಜಿನ್ನಿನ ತಡೆಯಲ್ಲೇ ಇಳಿದು, ಕೆಳಗೆ ಬಂದು ಆಕ್ಸಿಲೇಟರ್ ಕೊಟ್ಟಾಗ ಸೈಲೆನ್ಸರಿನಿಂದ ಭಗ್ ಎಂದು ನೀಲಿ ಹೊಗೆ ಬಂದರೆ ಗೈಡನ್ನು ಅನುಮಾನಿಸಿ. ಸಂದಿನಿಂದ ಎಣ್ಣೆ ಒಳಗೆ ಎಳೆದುಕೊಂಡಿದೆ. ಎಷ್ಟೋ ಸಲ ಇದನ್ನು ಕಂಡು "ರಿಂಗ್ಸ್ ಹೋಗಿದೆ, ಬೋರ್ ಮಾಡ್ಸಿ" ಅನ್ನುವುದುಂಟು. ಬೋರ್ ಮಾಡಿಸಿದ ಮೇಲೂ ಹೊಗೆ ನಿಲ್ಲದು! ಒಳ್ಳೇ ಎರಕದ ಕಬ್ಬಿಣದ ಗೈಡೇ ರಸ್ತೆಯ ಕಾರಿಗೆ ಸಾಕು. ಕಂಚಿನದ್ದೇ ಬೇಕೆಂದರೆ ಸಂದಿನ ಅಳತೆ ಬಲ್ಲವರ ಕೈಯಲ್ಲಿ ಹಾಕಿಸಿ. ಬಿಗಿಯಾದರೆ ವಾಲ್ವು ಹಿಡಿದುಕೊಳ್ಳುತ್ತದೆ.

ನಾಲ್ಕನೆಯದು ಸ್ಪ್ರಿಂಗು. ಹೆಚ್ಚು ಜನ ಎಡವುವುದು ಇಲ್ಲೇ. ಗ್ಯಾರೇಜಿನ ಮುಂದೆ ಇಂಥ ಮಾತು ನಡೆಯುವುದುಂಟು:

"ಮೇಸ್ತ್ರೀ, ಇರೋದ್ರಲ್ಲಿ ಸ್ಟ್ರಾಂಗಾಗಿರೋ ಸ್ಪ್ರಿಂಗ್ ಹಾಕ್ಬುಡಿ. ದುಡ್ಡು ಎಷ್ಟಾದ್ರೂ ಆಗ್ಲಿ."

"ಬ್ಯಾಡ ಕನ ಸಾವ್ಕಾರ್ರೆ. ಸ್ಪ್ರಿಂಗು ಗಟ್ಟಿ ಆದಷ್ಟೂ ಕ್ಯಾಮು ತಿಂದಾಕ್ತದೆ. ಕಂಪನಿ ಅಳತೇದೆ ಇರ್ಲಿ."

ಇಂಥ ಮೇಸ್ತ್ರಿ ಸಿಕ್ಕರೆ ಬಿಡಬೇಡಿ. ಗಟ್ಟಿ ಸ್ಪ್ರಿಂಗು ಬೇಕಾದ್ದು ಇಂಜಿನ್ನು ಕಿರುಚುವ ಹಾಗೆ ತಿರುಗಿಸುವ ರೇಸಿಗೆ. ಅಂಬಾಸಿಡರ್ ರಸ್ತೆಯಲ್ಲಿ ಆ ವೇಗ ಕಾಣುವುದೇ ಇಲ್ಲ. ಸುಮ್ಮನೆ ಗಟ್ಟಿ ಸ್ಪ್ರಿಂಗು ಹಾಕಿದರೆ ಕ್ಯಾಮ್, ಟ್ಯಾಪೆಟ್, ರಾಕರ್ ಮೂರಕ್ಕೂ ಹಗಲೂ ರಾತ್ರಿ ಹೊರೆ. ಮೂಗಿಗಿಂತ ಮೂಗುತಿ ಭಾರ! ಹಾಗೆಂದು ಸೋತ ಸ್ಪ್ರಿಂಗನ್ನೂ ಬಿಡಬಾರದು. ಹಳೆಯದರ ಪಕ್ಕಕ್ಕೆ ಹೊಸದನ್ನು ನಿಲ್ಲಿಸಿ ನೋಡಿ. ಗಿಡ್ಡವಾಗಿದ್ದರೆ, ಓರೆಯಾಗಿ ನಿಂತರೆ, ತುಕ್ಕಿನ ಗುಳಿ ಇದ್ದರೆ ಬದಲಾಯಿಸಿ. ಬದಲಾಯಿಸುವುದಾದರೆ ಒಂದೆರಡಲ್ಲ, ಪೂರ್ತಿ ಸೆಟ್ಟು. ಬಹಳ ಕಾಲ ನಿಂತಲ್ಲೇ ನಿಂತ ಕಾರಿನಲ್ಲಿ ತುಕ್ಕು ಹಿಡಿದ ಸ್ಪ್ರಿಂಗು ಮುರಿಯುವುದೇ ಆ ಗುಳಿಯಿಂದ.

ಕ್ಯಾಮು, ಟ್ಯಾಪೆಟ್ಟು: ಗಂಡ ಹೆಂಡಿರ ಜೋಡಿ

ಐದನೆಯದು ಎಲ್ಲಕ್ಕಿಂತ ದುಬಾರಿ ಜೋಡಿ. ಕ್ಯಾಮಿನ ಉಬ್ಬು ಟ್ಯಾಪೆಟ್ಟಿನ ಅಡಿಗೆ ಉಜ್ಜಿಕೊಂಡು ಅದನ್ನು ಎತ್ತುತ್ತದೆ. ಅಡಿ ಕಣ್ಣಿಗೆ ಚಪ್ಪಟೆ ಕಂಡರೂ, ಇಂಥ ಇಂಜಿನ್ನುಗಳಲ್ಲಿ ಟ್ಯಾಪೆಟ್ ಏರಿಳಿಯುತ್ತಲೇ ಬುಗುರಿಯ ಹಾಗೆ ಮೆಲ್ಲಗೆ ತಿರುಗುತ್ತಿರಬೇಕು. ಆಗ ಸವೆತ ಒಂದೇ ಕಡೆ ಬೀಳದು. ತಿರುಗುವುದು ನಿಂತರೆ ಅಡಿಯಲ್ಲಿ ಹಳ್ಳ ಬೀಳುತ್ತದೆ, ಕ್ಯಾಮಿನ ಮೂಗು ಸವೆಯುತ್ತದೆ.

ಇಷ್ಟು ದಿನ ಒಟ್ಟಿಗೆ ಬಾಳಿದ ಕ್ಯಾಮೂ ಟ್ಯಾಪೆಟ್ಟೂ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಆದ್ದರಿಂದ ನಿಯಮ ಇದು: ಹಳೇ ಟ್ಯಾಪೆಟ್ಟನ್ನು ಹೊಸ ಕ್ಯಾಮಿನ ಮೇಲೆ ಹಾಕಲೇಬಾರದು. ಸ್ವಲ್ಪ ಉಳಿಸಲು ಹೋಗಿ ದೊಡ್ಡ ಸಾಮಾನು ಹಾಳು. ಹಳೆಯವನ್ನೇ ಮತ್ತೆ ಹಾಕುವುದಾದರೆ ಯಾವುದು ಎಲ್ಲಿತ್ತೋ ಅಲ್ಲಿಗೇ ಹೋಗಬೇಕು. ಎಂಟು ಮನೆಯ ಒಂದು ರಟ್ಟಿನ ಪೆಟ್ಟಿಗೆ ಮಾಡಿ ನಂಬರ್ ಬರೆದಿಟ್ಟರೆ ಸಾಕು. ಅಂಬಾಸಿಡರಿನಲ್ಲಿ ಒಂದು ಅನುಕೂಲ ಇದೆ. ಬ್ಲಾಕಿನ ಪಕ್ಕದ ಮುಚ್ಚಳ ತೆಗೆದು, ಪುಶ್ ರಾಡ್ ಎತ್ತಿದರೆ ಟ್ಯಾಪೆಟ್ಟನ್ನು ಅಲ್ಲಿಂದಲೇ ಹೊರಗೆ ತೆಗೆಯಬಹುದು, ಕ್ಯಾಮ್ ಬಿಚ್ಚಬೇಕಿಲ್ಲ. ಅಡಿ ನೋಡಿ. ಕನ್ನಡಿಯಂತಿದ್ದರೆ ಹಾಗೇ ಬಿಡಿ. ಸಿಡುಬಿನ ಕಲೆಯಂತೆ ಗುಳಿ ಬಿದ್ದಿದ್ದರೆ ಆಯುಸ್ಸು ಮುಗಿಯಿತು; ಅದು ಉಜ್ಜುತ್ತಿದ್ದ ಕ್ಯಾಮನ್ನೂ ನೋಡಿಸಬೇಕು.

ಹೊಸ ಜೋಡಿ ಹಾಕಿದ ಮೇಲೆ ಮೊದಲ ಇಪ್ಪತ್ತು ನಿಮಿಷದಲ್ಲೇ ಅದರ ಹಣೆಬರಹ ತೀರ್ಮಾನವಾಗುತ್ತದೆ ಎಂದರೂ ತಪ್ಪಲ್ಲ. ಕ್ಯಾಮಿಗೂ ಟ್ಯಾಪೆಟ್ ಅಡಿಗೂ ಜೋಡಣೆಯ ಗ್ರೀಸು ಧಾರಾಳವಾಗಿ ಬಳಿಯಬೇಕು. ಪೆಟ್ರೋಲ್, ಕರೆಂಟು, ನೀರು ಎಲ್ಲ ಸರಿ ನೋಡಿಕೊಂಡು ಒಂದೇ ಸಲಕ್ಕೆ ಸ್ಟಾರ್ಟ್ ಆಗುವ ಹಾಗಿರಬೇಕು. ಸ್ಟಾರ್ಟ್ ಆದ ಕೂಡಲೇ ಐಡ್ಲಿಂಗಿಗೆ ಬಿಡದೆ ಸುಮಾರು 2,000 ಸುತ್ತಿನ ಮೇಲೆ ಇಪ್ಪತ್ತು ನಿಮಿಷ ಓಡಿಸಬೇಕು. ಕ್ಯಾಮಿಗೆ ಎಣ್ಣೆ ಸಿಗುವುದು ಹೆಚ್ಚಾಗಿ ಕ್ರ್ಯಾಂಕು ಎರಚಿದ್ದರಿಂದ. ಇಂಜಿನ್ ನಿಧಾನವಾದರೆ ಎರಚುವುದೂ ಕಡಿಮೆ. ಆಮೇಲೆ ಎಣ್ಣೆ, ಫಿಲ್ಟರ್ ಬದಲಾಯಿಸಿ. ಹೊಸ ಇಂಜಿನ್ನನ್ನು ಮೆತ್ತಗೆ ಐಡ್ಲಿಂಗಿನಲ್ಲಿ ಬಿಟ್ಟು ಕಾಫಿಗೆ ಹೋಗುವವರೇ, ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ನಿಮಗೇ ಇರುವುದು!

ಎಣ್ಣೆಯ ಆಯ್ಕೆ ಕೂಡ ಇದಕ್ಕೆ ಸೇರಿದ್ದು. ಕ್ಯಾಮಿಗೂ ಟ್ಯಾಪೆಟ್ಟಿಗೂ ನಡುವೆ ಕಾವಲು ನಿಲ್ಲುವುದು ಎಣ್ಣೆಯೊಳಗಿನ ಸತು ಮತ್ತು ರಂಜಕದ ಮದ್ದು. ಈಗಿನ ಕಾರುಗಳ ಹೊಗೆ ಶುದ್ಧ ಮಾಡುವ ಕನ್ವರ್ಟರಿಗೆ ರಂಜಕ ಕೆಟ್ಟದ್ದು. ಆದ್ದರಿಂದ 2004ರಿಂದೀಚಿನ ದರ್ಜೆಯ ತೆಳು ಎಣ್ಣೆಗಳಲ್ಲಿ ರಂಜಕ ಶೇ. 0.08 ಮೀರದಂತೆ ಮಿತಿ ಹಾಕಿದರು. ಹೊಸ ಕಾರಿಗೆ ಅದು ಸರಿ. ಹಳೇ ಅಂಬಾಸಿಡರಿಗೆ ಅಂಥ ತೆಳು ಎಣ್ಣೆ ಮಗನ ಕಾರಿಗೆ ಹಾಕಿದ್ದು ಮಿಕ್ಕಿತು ಅಂತ ಹೊಯ್ಯಬಾರದು. ದಪ್ಪನೆಯ 20ಡಬ್ಲ್ಯೂ-50 ದರ್ಜೆಯ ಎಣ್ಣೆ, ಅದರಲ್ಲೂ ಸತು ಸಾಕಷ್ಟಿದೆ ಎಂದು ಡಬ್ಬಿಯ ಮೇಲೆ ಬರೆದದ್ದು ಉತ್ತಮ.

ಮರೆತು ಬಿಡುವ ಮೂರು

ಪುಶ್ ರಾಡ್ ಬಗ್ಗಿದೆಯೋ ಎಂಬುದಕ್ಕೆ ಗಾಜಿನ ಮೇಲೆ ಉರುಳಿಸಿ ನೋಡಿ. ನೆಟ್ಟಗಿದ್ದರೆ ಸಲೀಸಾಗಿ ಉರುಳುತ್ತದೆ. ಬಗ್ಗಿದ್ದರೆ ಕುಣಿಯುತ್ತದೆ. ಬಗ್ಗಿದ್ದನ್ನು ತಟ್ಟಿ ನೆಟ್ಟಗೆ ಮಾಡಿಸಬೇಡಿ, ಬದಲಾಯಿಸಿ.

ರಾಕರ್ ಶಾಫ್ಟು ಕೆಳಮಗ್ಗುಲಲ್ಲಿ ಸವೆಯುತ್ತದೆ. ಮೇಲಿಂದ ನೋಡಿದರೆ ತಿಳಿಯದು. ಬಿಚ್ಚಿ ಉಗುರು ಆಡಿಸಿದರೆ ಮೆಟ್ಟಿಲು ಸಿಗುತ್ತದೆ. ಇಷ್ಟೆಲ್ಲ ಮಾಡಿಸಿ, ಸವೆದ ಶಾಫ್ಟನ್ನೇ ಹಾಕಿದರೆ ಹೊಸ ಮನೆಗೆ ಹಳೇ ಬಾಗಿಲು ಇಟ್ಟ ಹಾಗೆ. ಅದರ ಎಣ್ಣೆ ತೂತುಗಳನ್ನು ತಂತಿ ಹಾಕಿ ಚೊಕ್ಕ ಮಾಡಿಸಿ. ಕಸ ಕಟ್ಟಿದ್ದರೆ ಹೊಸ ಶಾಫ್ಟೂ ಬಾಳದು.

ರಾಕರಿನ ತುದಿಯಲ್ಲಿ ಗುಳಿ ಬಿದ್ದಿದ್ದರೆ ಫೀಲರ್ ಗೇಜೂ ಸುಳ್ಳು ಹೇಳುತ್ತದೆ! ಗೇಜಿನ ಪಟ್ಟಿ ಗುಳಿಯ ಎರಡು ದಂಡೆಯ ಮೇಲೆ ಸೇತುವೆಯ ಹಾಗೆ ನಿಲ್ಲುತ್ತದೆ. ನಿಜವಾದ ಸಂದು ಅದಕ್ಕಿಂತ ಹೆಚ್ಚಿರುತ್ತದೆ. ಎಷ್ಟು ಸಲ ಸೆಟ್ಟಿಂಗ್ ಮಾಡಿದರೂ ಜೋರು ಸದ್ದು ಹೋಗದಿದ್ದರೆ ತುದಿ ನೋಡಿಸಿ. ಅಂಥ ಗಡಸು ಸದ್ದು, ಒಂದೇ ಕಡೆಯಿಂದ ಬರುವ ಟಕ ಟಕ, ಅದು ಮಾತ್ರ ಕಾಯಿಲೆಯೇ. ಎಂಟೂ ಕಡೆಯಿಂದ ಒಂದೇ ಸಮ ಬರುವ ಸಣ್ಣ ಟಿಕ್ ಟಿಕ್ ಬೇರೆ.

ಸಂದು ನೋಡುವ ಲೆಕ್ಕ ಯಜಮಾನನಿಗೂ ಗೊತ್ತಿರಲಿ. ಮುಂದಿನಿಂದ ಹಿಂದಕ್ಕೆ ವಾಲ್ವುಗಳಿಗೆ 1ರಿಂದ 8 ನಂಬರ್. ಒಂದನೆಯದು ಪೂರ್ತಿ ತೆರೆದಿರುವಾಗ ಎಂಟನೆಯದನ್ನು, ಎರಡು ತೆರೆದಾಗ ಏಳನ್ನು, ಮೂರು ತೆರೆದಾಗ ಆರನ್ನು, ನಾಲ್ಕು ತೆರೆದಾಗ ಐದನ್ನು ನೋಡಬೇಕು. ಹೀಗೇ ತಿರುಗಿಸಿ ಉಳಿದ ನಾಲ್ಕು. ಎರಡೂ ನಂಬರ್ ಕೂಡಿದರೆ ಒಂಬತ್ತು. ಇದಕ್ಕೆ ಒಂಬತ್ತರ ಲೆಕ್ಕ ಅಂತ ಹೆಸರು.

ಅಂಗಡಿಯಲ್ಲಿ ಎಚ್ಚರ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೇ ಗಾಡಿಯ ಸಾಮಾನು ಹುಡುಕಬಹುದು. ಆದರೆ ಕಾರ್ಖಾನೆ ನಿಂತ ಮೇಲೆ ಹಳೇ ದಾಸ್ತಾನು, ಬೇರೆ ಬೇರೆಯವರು ಮಾಡಿದ್ದು, ನಕಲಿ ಎಲ್ಲ ಒಂದೇ ಕಪಾಟಿನಲ್ಲಿ ಕೂತಿರುವ ಸಂಭವ ಉಂಟು. ಪೆಟ್ಟಿಗೆಯ ಬಣ್ಣ ನಂಬಬೇಡಿ. ಹಳೇ ಸಾಮಾನನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಕಾಂಡದ ದಪ್ಪ, ತಲೆಯ ಅಗಲ, ಒಟ್ಟು ಉದ್ದ ಮೂರನ್ನೂ ಅಳೆದು ಹೊಂದಿಸಿ. ಇಂಜಿನ್ನು 1489 ಸಿಸಿಯದೋ 1990ರ ದಶಕದಲ್ಲಿ ಬಂದ 1800 ಸಿಸಿ ಇಸುಜುವೋ ಅಂತ ಮೊದಲೇ ಹೇಳಿ. ಎರಡರ ಸಂಸಾರವೇ ಬೇರೆ. ಬಿಲ್ಲು ಕೇಳಿ ಪಡೆಯಿರಿ. ಬಿಲ್ಲು ಕೊಡದ ಅಂಗಡಿಯ ಗ್ಯಾರಂಟಿ ಬಾಯಿ ಮಾತಿನದು.

ದುಡ್ಡು ಮಿತವಾಗಿದ್ದರೆ ಹಾಕುವ ಸರದಿ ಹೀಗಿರಲಿ: ಮೊದಲು ಎಕ್ಸಾಸ್ಟಿನ ಸೀಟು, ವಾಲ್ವು, ಗೈಡು. ಅದು ಮೂರೂ ಒಟ್ಟಿಗೇ ಆಗಬೇಕು, ಒಂದನ್ನು ಬಿಟ್ಟರೆ ಎರಡೂ ವ್ಯರ್ಥ. ಆಮೇಲೆ ಕಂಪನಿ ಅಳತೆಯ ಸ್ಪ್ರಿಂಗು. ಆಮೇಲೆ ರಾಕರ್ ಶಾಫ್ಟು. ಕ್ಯಾಮೂ ಟ್ಯಾಪೆಟ್ಟೂ ಕೆಟ್ಟಿರುವುದು ಕಣ್ಣಿಗೆ ಕಂಡರೆ ಮಾತ್ರ, ಅದೂ ಜೋಡಿಯಾಗಿ. ಹೊಳೆಯುವ ರಾಕರ್ ಮುಚ್ಚಳ, ಕ್ರೋಮಿನ ನಟ್ಟು ಬೋಲ್ಟು ಎಲ್ಲಕ್ಕಿಂತ ಕೊನೆಗೆ. ಅವು ಇಲ್ಲದೆಯೂ ಕಾರು ಓಡುತ್ತದೆ.

ಕೆಲಸ ಮುಗಿಸಿ ಒಂದೈನೂರು ಕಿಲೋಮೀಟರ್ ಓಡಿಸಿದ ಮೇಲೆ ಹೆಡ್ ಬೋಲ್ಟನ್ನು ಪುಸ್ತಕದ ಕ್ರಮದಲ್ಲೇ ಮತ್ತೊಮ್ಮೆ ಬಿಗಿ ನೋಡಿಸಿ, ಸಂದು ಸೆಟ್ ಮಾಡಿಸಿ, ನೋಟ್ ಬುಕ್ಕಿನಲ್ಲಿ ಹೊಸ ಪುಟಕ್ಕೆ ತಾರೀಖು ಹಾಕಿ ಬರೆದಿಡಿ. ಮೇಸ್ತ್ರಿ "ಸದ್ದು ಪೂರಾ ಅಡಗ್ಸಿವ್ನಿ ಸಾವ್ಕಾರ್ರೆ" ಅಂದರೆ "ಬ್ಯಾಡಪ್ಪಾ, ಪುಸ್ತಕದಲ್ಲಿರೋ ಅಷ್ಟು ಬುಡು" ಎಂದು ಹೇಳಲಿಕ್ಕೆ ಸಂಕೋಚ ಬೇಡ.